ಸಕ್ಕರೆ ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಸುಮ್ನೆ ಕೂತಿದೆ

(ರಜೆಯ ಪಾರ್ಟಿಗೆ ಮನೆಯಲ್ಲೇ ಸಿಹಿ ಮಾಡುವವರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ. ಕೇಳಿದ ಕೆಲವು ಪ್ರಶ್ನೆಗಳನ್ನೂ ಕೊಟ್ಟ ಉತ್ತರಗಳನ್ನೂ ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ರಜೆ ಅಂದರೆ ಪಾರ್ಟಿ, ಪಾರ್ಟಿ ಅಂದರೆ ಸಿಹಿ. ಇದರಲ್ಲಿ ನನಗೇನೂ ತಕರಾರಿಲ್ಲ. ಸಿಹಿ ತಿನ್ನಬೇಡಿ ಅಂತ ಹೇಳುವುದಕ್ಕೆ ನಾನಿಲ್ಲಿ ನಿಂತಿಲ್ಲ, ಹಾಗೆ ಹೇಳುವವರನ್ನು ಮುಂದಿನ ಸಲ ಯಾರೂ ಪಾರ್ಟಿಗೆ ಕರೆಯುವುದೂ ಇಲ್ಲ. ಆದರೆ ಮನೆಯಲ್ಲಿ ಮಾಡುವ ನಮಗೆ ಒಂದು ಅನುಕೂಲ ಇದೆ, ಕಾರ್ಖಾನೆಯವರಿಗೆ ಇಲ್ಲದ್ದು. ಅವರ ತಿಂಡಿ ವಾರಗಟ್ಟಲೆ ಕೆಡದೆ ಕೂರಬೇಕು, ಮೊದಲ ತುತ್ತಿಗೇ ಗಿರಾಕಿಯನ್ನು ಹಿಡಿಯಬೇಕು. ನಮ್ಮದು ನಾಳೆ ಸಂಜೆಗೆ ಖಾಲಿಯಾದರೆ ಸಾಕು. ಏನು ಹಾಕಬೇಕು, ಎಷ್ಟು ಹಾಕಬೇಕು ಅನ್ನುವುದು ಪೂರ್ತಿ ನಮ್ಮ ಕೈಯಲ್ಲೇ ಇದೆ.

ಆರೋಗ್ಯಕ್ಕೆ ಒಗ್ಗುವ ಸಿಹಿ ಅಂದ ತಕ್ಷಣ ಬರುವ ಪ್ರಶ್ನೆ ಯಾವಾಗಲೂ ಒಂದೇ. "ಸಕ್ಕರೆ ಬದಲು ಏನು ಹಾಕಲಿ?" ಇವತ್ತೂ ನಾನು ಬಾಯಿ ತೆರೆಯುವ ಮೊದಲೇ ಮುಂದಿನ ಸಾಲಿನಿಂದ ಅದೇ ಬಂತು. ನನಗೆ ಆ ಪ್ರಶ್ನೆಯೇ ಅಷ್ಟು ಸರಿ ಅನ್ನಿಸುವುದಿಲ್ಲ. ಕೇಳಬೇಕಾದ್ದು ಬೇರೆ: ಈ ತಿಂಡಿಯಲ್ಲಿ ಸಕ್ಕರೆ ಏನು ಕೆಲಸ ಮಾಡುತ್ತಿದೆ? ಕೆಲಸ ಮಾಡುತ್ತಿದ್ದರೆ ಇರಲಿ. ಸುಮ್ನೆ ಕೂತಿದ್ದರೆ ಎಬ್ಬಿಸಿ ಕಳಿಸಿ.

ಹೆಸರು ಬೇರೆ, ಲೆಕ್ಕ ಒಂದೇ

ಮೊದಲು ಆ ಬದಲಿಗಳ ಮಾತು ಮುಗಿಸಿಬಿಡೋಣ. ಜೇನುತುಪ್ಪ, ಬೆಲ್ಲ, ಕಂದು ಸಕ್ಕರೆ, ಖರ್ಜೂರದ ಸಿರಪ್, ಹಣ್ಣಿನ ರಸ ಬತ್ತಿಸಿದ್ದು. ಎಲ್ಲ ಒಂದೇ ಬಳ್ಳಿಯ ಕಾಯಿ. ರುಚಿಯಲ್ಲಿ ವ್ಯತ್ಯಾಸ ಇದೆ, ಒಪ್ಪಿದೆ. ಆ ರುಚಿಗೋಸ್ಕರ ಬಳಸುವುದಾದರೆ ಖಂಡಿತ ಬಳಸಿ. ಆದರೆ "ಜೇನು ಹಾಕಿದ್ದೀನಿ, ಎಷ್ಟು ತಿಂದರೂ ಪರವಾಗಿಲ್ಲ" ಅನ್ನುವ ಧೈರ್ಯ ಬೇಡ. ಜೇನಿನಲ್ಲಿ ನೂರಕ್ಕೆ ಸುಮಾರು 80 ಭಾಗ ಸಕ್ಕರೆಯೇ, ಉಳಿದದ್ದರಲ್ಲಿ ಬಹುಪಾಲು ನೀರು. ಬೆಲ್ಲದಲ್ಲಿ ಒಂದಿಷ್ಟು ಖನಿಜಾಂಶ ಇದೆ ನಿಜ, ಆದರೆ ಖನಿಜಕ್ಕೋಸ್ಕರ ಬೆಲ್ಲ ತಿನ್ನಲು ಹೊರಟರೆ ಅದಕ್ಕಿಂತ ಮೊದಲು ಸಕ್ಕರೆಯೇ ಮಿತಿ ಮೀರಿರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಕ್ಕರೆಗೆ ಒಂದು ಮಿತಿ ಹೇಳಿತು. ದಿನದ ಒಟ್ಟು ಶಕ್ತಿಯಲ್ಲಿ ಶೇಕಡ 10ಕ್ಕಿಂತ ಕಡಿಮೆ ಸಕ್ಕರೆಯಿಂದ ಬರಬೇಕು, ಶೇಕಡ 5ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಅಂತ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಇದು 50 ಗ್ರಾಂ, ಅಥವಾ ಕಟ್ಟುನಿಟ್ಟಾಗಿ ಹೋದರೆ 25 ಗ್ರಾಂ. ತಲೆ ಸವರಿದ ಒಂದು ಟೀ ಚಮಚ ಸಕ್ಕರೆ ಸುಮಾರು 4 ಗ್ರಾಂ. ಅಂದರೆ 12 ಚಮಚ, ಅಥವಾ 6 ಚಮಚ. ಗಮನಿಸಿ, ಆ ಲೆಕ್ಕದಲ್ಲಿ ಜೇನೂ ಬರುತ್ತದೆ, ಸಿರಪ್ಪೂ ಬರುತ್ತದೆ, ಹಣ್ಣಿನ ರಸವೂ ಬರುತ್ತದೆ. ಇಡಿಯಾಗಿ ತಿನ್ನುವ ಹಣ್ಣಿನಲ್ಲಿರುವ ಸಕ್ಕರೆ, ಹಾಲಿನಲ್ಲಿ ತಾನಾಗೇ ಇರುವ ಸಕ್ಕರೆ ಬರುವುದಿಲ್ಲ.

ಹಾಗಾದರೆ ಇಡೀ ಖರ್ಜೂರ ಹಾಕಿದರೆ ಬಚಾವ್ ಅಲ್ವಾ? ಅರ್ಧ ಬಚಾವ್. ದಪ್ಪನೆಯ ಮೆಜೂಲ್ ಖರ್ಜೂರದಲ್ಲಿ 100 ಗ್ರಾಂಗೆ ಸುಮಾರು 66 ಗ್ರಾಂ ಸಕ್ಕರೆ ಇದೆ. ಒಂದೇ ಒಂದು ಹಣ್ಣಿನಲ್ಲಿ ಹತ್ತಿರ ಹತ್ತಿರ 16 ಗ್ರಾಂ. ಜೊತೆಗೆ 100 ಗ್ರಾಂಗೆ 7 ಗ್ರಾಂನಷ್ಟು ನಾರೂ ಇದೆ, ಬಿಳಿ ಸಕ್ಕರೆಯಲ್ಲಿ ಅದು ಸೊನ್ನೆ. ಅಗಿಯಬೇಕು, ಹೊಟ್ಟೆ ತುಂಬುತ್ತದೆ, ಆ ಮಟ್ಟಿಗೆ ಖರ್ಜೂರ ಮೇಲು. ಆದರೆ ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ ಕೇಕಿನೊಳಗೆ ಸೇರಿಸಿದ ಮೇಲೆ ಆ ಅಗಿಯುವ ಕೆಲಸ ಎಲ್ಲಿ ಉಳಿಯಿತು? ನಾನಂತೂ ರುಬ್ಬಿದ ಖರ್ಜೂರವನ್ನು ಸಕ್ಕರೆಯ ಲೆಕ್ಕಕ್ಕೇ ಹಾಕಿಕೊಳ್ಳುತ್ತೇನೆ.

ಸಕ್ಕರೆಯ ನಿಜವಾದ ಕೆಲಸ

ಈಗ ಅಸಲಿ ವಿಷಯ. ಸಕ್ಕರೆ ಬರೀ ಸಿಹಿಗೆ ಅಂದುಕೊಂಡು ಅರ್ಧಕ್ಕರ್ಧ ಕಿತ್ತುಹಾಕಿದವರ ಕೇಕ್ ಇಟ್ಟಿಗೆ ಆಗುತ್ತದೆ. ಆಮೇಲೆ "ಆರೋಗ್ಯದ ತಿಂಡಿ ಅಂದರೆ ಇಷ್ಟೇ" ಅಂತ ಬೇಸರ.

ಕೇಕಿನಲ್ಲಿ ಸಕ್ಕರೆ ಒಂದೇ ಸಲಕ್ಕೆ ನಾಲ್ಕೈದು ಕೆಲಸ ಮಾಡುತ್ತಿರುತ್ತದೆ. ಬೆಣ್ಣೆ ಸಕ್ಕರೆ ಸೇರಿಸಿ ಬೀಟ್ ಮಾಡುತ್ತೀರಲ್ಲ, ಆಗ ಹರಳುಗಳ ಚೂಪು ಅಂಚು ಬೆಣ್ಣೆಯೊಳಗೆ ಸಣ್ಣ ಸಣ್ಣ ಗಾಳಿಗುಳ್ಳೆಗಳನ್ನು ಸಿಕ್ಕಿಸುತ್ತದೆ, ಓವನ್‌ನಲ್ಲಿ ಉಬ್ಬುವುದು ಆ ಗುಳ್ಳೆಗಳೇ. ಸಕ್ಕರೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ಮೈದಾಕ್ಕೆ ಜಿಗುಟು ಕೊಡುವ ಗ್ಲುಟೆನ್ ಅನ್ನುವ ಪ್ರೋಟೀನ್ ಬಿಗಿಯಾಗುವುದಿಲ್ಲ, ಕೇಕ್ ಮೆತ್ತಗಿರುತ್ತದೆ, ಮಾರನೇ ದಿನವೂ ಒಣಗುವುದಿಲ್ಲ. ಮೇಲಿನ ಕಂದು ಬಣ್ಣ, ಆ ಘಮ, ಅದರಲ್ಲೂ ಸಕ್ಕರೆಯ ಪಾಲಿದೆ. ಇಷ್ಟೆಲ್ಲ ಇದ್ದರೂ ಸಾಮಾನ್ಯ ಕೇಕ್, ಮಫಿನ್ ಅಳತೆಗಳಲ್ಲಿ ಕಾಲು ಭಾಗ ಸಕ್ಕರೆ ತೆಗೆದರೆ ಹೆಚ್ಚಿನ ಸಲ ಯಾರಿಗೂ ಗೊತ್ತೇ ಆಗುವುದಿಲ್ಲ. 200 ಗ್ರಾಂ ಅಂತ ಇದ್ದರೆ 150 ಹಾಕಿ. ಚೆನ್ನಾಗಿ ಬಂದರೆ ಮುಂದಿನ ಸಲ ಮೂರನೇ ಒಂದು ಭಾಗ ತೆಗೆದು ನೋಡಿ. ಅಲ್ಲಿಂದ ಕೆಳಗೆ ಹೋದರೆ ಕೇಕ್ ತಕರಾರು ತೆಗೆಯುತ್ತದೆ: ಬಿಳಿಚಿಕೊಳ್ಳುತ್ತದೆ, ಒಣಗುತ್ತದೆ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಬಾಳೆಹಣ್ಣು, ಬೇಯಿಸಿ ಮಸೆದ ಸೇಬು, ತುರಿದ ಕ್ಯಾರೆಟ್ ಇಂಥ ಕಡೆ ಸಹಾಯಕ್ಕೆ ಬರುವುದು ಸಿಹಿಗಿಂತ ಜಾಸ್ತಿ ಅವುಗಳ ನೀರಿನಂಶಕ್ಕೆ. ಬಾಳೆಹಣ್ಣು ಸಿಪ್ಪೆ ಕಪ್ಪಗೆ ಚುಕ್ಕೆ ಚುಕ್ಕೆ ಆಗುವಷ್ಟು ಕಳಿತಿರಲಿ, ಅಷ್ಟು ಹೊತ್ತಿಗೆ ಅದರ ಪಿಷ್ಟ ಬಹುಪಾಲು ಸಕ್ಕರೆಯಾಗಿ ತಿರುಗಿರುತ್ತದೆ.

ಕುಕಿಯದು ಬೇರೆ ಕಥೆ. ಓವನ್‌ನಲ್ಲಿ ಸಕ್ಕರೆ ಕರಗಿ ಹರಿಯುವುದರಿಂದಲೇ ಕುಕಿ ಅಗಲವಾಗಿ, ಅಂಚು ಗರಿಗರಿಯಾಗಿ ಬರುತ್ತದೆ. ಕಮ್ಮಿ ಮಾಡಿದರೆ ನೀವು ಇಟ್ಟ ಉಂಡೆ ಉಂಡೆಯಾಗೇ ಬೆಂದು ಹೊರಬರುತ್ತದೆ. ಪರಿಹಾರ ಸುಲಭ: ಓವನ್‌ಗೆ ಇಡುವ ಮೊದಲೇ ಅಂಗೈಯಲ್ಲಿ ತೆಳ್ಳಗೆ ಒತ್ತಿಬಿಡಿ.

ಐಸ್‌ಕ್ರೀಮಿನಲ್ಲಿ ಸಕ್ಕರೆ ನೀರು ಪೂರ್ತಿ ಹೆಪ್ಪುಗಟ್ಟದಂತೆ ತಡೆಯುತ್ತದೆ. ಕಡಿಮೆ ಹಾಕಿದರೆ ಕಲ್ಲು. ಬಡಿಸುವ ಮೊದಲು ಹತ್ತು ಹದಿನೈದು ನಿಮಿಷ ಹೊರಗಿಡುವ ತಾಳ್ಮೆ ಇದ್ದರೆ ಕಡಿಮೆ ಹಾಕಿ, ಇಲ್ಲದಿದ್ದರೆ ಬೇಡ. ಜಾಮಿನಲ್ಲಿ ಸಕ್ಕರೆಯೇ ಕಾವಲು, ಕಡಿಮೆ ಮಾಡಿದರೆ ಫ್ರಿಜ್ಜಿನಲ್ಲಿಟ್ಟು ಬೇಗ ಮುಗಿಸಬೇಕು.

ಮೆರಾಂಗ್ (ಮೊಟ್ಟೆಯ ಬಿಳಿಯನ್ನು ಸಕ್ಕರೆ ಜೊತೆ ನೊರೆ ಬರಿಸಿ ಮಾಡುವುದು), ಕ್ಯಾರಮಲ್, ಟಾಫಿ ಇವುಗಳ ತಂಟೆಗೆ ಹೋಗಬೇಡಿ. ಅಲ್ಲಿ ಸಕ್ಕರೆ ಅಂದರೆ ತಿಂಡಿ, ತಿಂಡಿ ಅಂದರೆ ಸಕ್ಕರೆ. ಸಕ್ಕರೆ ಕಡಿಮೆ ಮಾಡಿದ ಕ್ಯಾರಮಲ್ ಅನ್ನುವುದೇ ಇಲ್ಲ. ಮಾಡಬೇಕು ಅನ್ನಿಸಿದರೆ ಸರಿಯಾಗಿ ಮಾಡಿ, ಉಗುರಿನಷ್ಟು ತುಂಡು ಮಾಡಿ ಕೊಡಿ.

ಸುಮ್ನೆ ಕೂತಿರುವ ಕಡೆ

ಇನ್ನು ಸಕ್ಕರೆ ಏನೂ ಕೆಲಸವಿಲ್ಲದೆ ಕೂತಿರುವ ಜಾಗಗಳು. ಮೊದಲನೆಯದು ಕೇಕಿನ ಮೇಲಿನ ಕ್ರೀಮು. ಬೆಣ್ಣೆಗೆ ಅದರ ಎರಡರಷ್ಟು ತೂಕದ ಪುಡಿಸಕ್ಕರೆ ಹಾಕಿ ಮಾಡುತ್ತಾರಲ್ಲ, ಅದರಲ್ಲಿ ಮೂರರಲ್ಲಿ ಎರಡು ಭಾಗ ಸಕ್ಕರೆಯೇ. ಕೇಕಿನೊಳಗೆ ಕಷ್ಟಪಟ್ಟು 50 ಗ್ರಾಂ ಉಳಿಸಿ, ಮೇಲೆ 300 ಗ್ರಾಂ ಬಳಿದರೆ ಏನು ಬಂತು? ಆ ಕ್ರೀಮು ಬಿಟ್ಟು, ಒಂದೆರಡು ಚಮಚ ಸಕ್ಕರೆ ಹಾಕಿ ನೊರೆ ಬರಿಸಿದ ಕ್ರೀಮು, ಅಥವಾ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರಿಗೆ ವೆನಿಲ್ಲಾ ಸೇರಿಸಿದ್ದು, ಅಥವಾ ಕರಗಿಸಿದ ಡಾರ್ಕ್ ಚಾಕೊಲೇಟನ್ನು ತೆಳ್ಳಗೆ ಸುರಿದದ್ದು. ಯಾವುದಾದರೂ ನಡೆಯುತ್ತದೆ. ಏನೂ ಇಲ್ಲದಿದ್ದರೂ ನಡೆಯುತ್ತದೆ, ಮೇಲೊಂದು ಚೂರು ಪುಡಿಸಕ್ಕರೆ ಜರಡಿ ಹಿಡಿದರೆ ಸಾಕು. ನಾಲಿಗೆಗೆ ಮೊದಲು ತಾಗುವುದು ಮೇಲಿರುವುದೇ, ಹಾಗಾಗಿ ಒಳಗೆ ಕಲಸಿದ ಸಕ್ಕರೆಗಿಂತ ಮೇಲೆ ಉದುರಿಸಿದ ಚಿಟಿಕೆ ಸಕ್ಕರೆ ಜಾಸ್ತಿ ಸದ್ದು ಮಾಡುತ್ತದೆ.

ಹಣ್ಣಿನ ಸಲಾಡಿಗೆ ಹಾಕುವ ಸಕ್ಕರೆಯೂ ಹಾಗೇ, ಸುಮ್ನೆ. ನಿಂಬೆ ಹಿಂಡಿ, ಚಿಟಿಕೆ ಉಪ್ಪು ಹಾಕಿ, ಅರ್ಧ ಗಂಟೆ ಬಿಡಿ.

ಎಲ್ಲಕ್ಕಿಂತ ದೊಡ್ಡ ಸೋಮಾರಿ ಸಕ್ಕರೆ ಇರುವುದು ಗ್ಲಾಸಿನಲ್ಲಿ. 330 ಎಂಎಲ್ ಕೋಲಾ ಕ್ಯಾನಿನಲ್ಲಿ ಸುಮಾರು 35 ಗ್ರಾಂ. ಒಂದು ದೊಡ್ಡ ಲೋಟ ಕಿತ್ತಳೆ ರಸದಲ್ಲಿ 20 ಗ್ರಾಂ ದಾಟುತ್ತದೆ. ಸಿಹಿತಿಂಡಿ ಇಡುವ ಮೇಜಿನ ಮೇಲೆ ಸಿಹಿ ಪಾನೀಯ ಯಾಕೆ ಬೇಕು ಹೇಳಿ? ಸಿಹಿ ತಿಂದ ಬಾಯಿಗೆ ಆ ಪಾನೀಯ ಸಪ್ಪೆಯಾಗೇ ಕಾಣುತ್ತದೆ. ನಿಂಬೆ ಹೋಳು, ಪುದೀನ, ಸೌತೆಕಾಯಿ ಹಾಕಿದ ತಣ್ಣನೆಯ ನೀರು, ಅಥವಾ ಸಕ್ಕರೆಯಿಲ್ಲದ ಚಹಾ ಇಡಿ. ಪಾರ್ಟಿಯಲ್ಲಿ ಒಂದೇ ಒಂದು ಬದಲಾವಣೆ ಮಾಡುವಷ್ಟು ಮಾತ್ರ ಪುರುಸೊತ್ತಿದೆ ಅಂದರೆ ಇದನ್ನೇ ಮಾಡಿ. ತಿಂಡಿಗಳನ್ನು ಮುಟ್ಟುವುದೂ ಬೇಡ.

ನಾಲಿಗೆಯ ಜೊತೆ ಒಂದಿಷ್ಟು ಚೌಕಾಸಿ

ಸಕ್ಕರೆ ಇಳಿಸಿದಾಗ ಬಿಟ್ಟ ಜಾಗದಲ್ಲಿ ಬೇರೆ ಏನಾದರೂ ಕೂರಿಸಬೇಕು, ಇಲ್ಲದಿದ್ದರೆ ತಿಂಡಿ ಪೆಚ್ಚು. ಉಪ್ಪು ಮೊದಲು. ಚಿಟಿಕೆ ಉಪ್ಪು ಕಹಿಯನ್ನು ಅಡಗಿಸುತ್ತದೆ, ಆಗ ಇರುವ ಸಿಹಿಯೇ ಮುಂದೆ ಬರುತ್ತದೆ. ಕೋಕೋ ಇರುವ ಎಲ್ಲ ತಿಂಡಿಗೂ ಇದು ಬೇಕೇ ಬೇಕು. ಎರಡನೆಯದು ವಾಸನೆ: ವೆನಿಲ್ಲಾ, ಚಕ್ಕೆ, ಏಲಕ್ಕಿ. ಇವುಗಳಲ್ಲಿ ಸಿಹಿ ಇಲ್ಲ, ಆದರೆ ಹುಟ್ಟಿದಾಗಿನಿಂದ ಇವನ್ನು ಸಿಹಿಯ ಜೊತೆಗೇ ತಿಂದು ತಿಂದು ಮೂಗು ಅಭ್ಯಾಸ ಮಾಡಿಕೊಂಡುಬಿಟ್ಟಿದೆ, ಘಮ ಬಂದರೆ ಸಾಕು ಸಿಹಿ ಅಂದುಕೊಳ್ಳುತ್ತದೆ. ಮೂರನೆಯದು ಹುಳಿಹಣ್ಣಿನ ಸಿಪ್ಪೆ. ಕಿತ್ತಳೆ, ನಿಂಬೆ ಸಿಪ್ಪೆಯ ಮೇಲಿನ ಬಣ್ಣದ ಪದರವನ್ನು ಮಾತ್ರ ತುರಿದು ಹಾಕಿ, ಒಳಗಿನ ಬಿಳಿ ಭಾಗ ಕಹಿ.

ಬಿಸಿ ತಂಪಿನ ಲೆಕ್ಕವೂ ಇದೆ. ತಣ್ಣಗಿರುವ ತಿಂಡಿ ಕಡಿಮೆ ಸಿಹಿ ಅನ್ನಿಸುತ್ತದೆ. ಕರಗಿದ ಐಸ್‌ಕ್ರೀಮನ್ನು ಕುಡಿದು ನೋಡಿ, ಗಂಟಲು ಕಟ್ಟುವಷ್ಟು ಸಿಹಿ. ಅದೇ ಸಕ್ಕರೆ, ಚಳಿಯಲ್ಲಿ ನಾಲಿಗೆಗೆ ಗೊತ್ತಾಗಿರಲಿಲ್ಲ, ಅಷ್ಟೇ. ಹಾಗಾಗಿ ಸಕ್ಕರೆ ಕಡಿಮೆ ಮಾಡಿದ ಕೇಕನ್ನು, ಹಣ್ಣಿನ ತಿಂಡಿಯನ್ನು ಫ್ರಿಜ್ಜಿನಿಂದ ತೆಗೆದು ನೇರ ಬಡಿಸಬೇಡಿ. ಬೆಚ್ಚಗಿದ್ದರೆ ಅರ್ಧ ಕೆಲಸ ಅದೇ ಮಾಡಿಕೊಡುತ್ತದೆ.

ನಾಲ್ಕನೆಯದು ಹುರಿಯುವುದು, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಬಾದಾಮಿ, ಅಕ್ರೋಟು, ಹೇಝಲ್‌ನಟ್ ಯಾವುದಾದರೂ ಇರಲಿ, ಹಸಿಯಾಗಿ ಹಾಕಿದರೆ ಬರೀ ಹಿಟ್ಟಿನ ರುಚಿ. ಓವನ್‌ನಲ್ಲಿ 160ರಿಂದ 170 ಡಿಗ್ರಿ ಸೆಲ್ಸಿಯಸ್, ಎಂಟರಿಂದ ಹನ್ನೆರಡು ನಿಮಿಷ. ಹೊರಗಿನ ಬಣ್ಣ ನೋಡಿ ತೀರ್ಮಾನ ಮಾಡಬೇಡಿ, ಒಂದು ಬಾದಾಮಿಯನ್ನು ಅಡ್ಡ ಕತ್ತರಿಸಿ ನೋಡಿ. ಒಳಗೆ ಬಿಳಿ ಇದ್ದರೆ ಇನ್ನೂ ಬೇಕು, ಹಾಲು ಹಾಕಿದ ಚಹಾದ ಬಣ್ಣ ಬಂದಿದ್ದರೆ ತಕ್ಷಣ ತೆಗೆದು ತಣ್ಣನೆಯ ತಟ್ಟೆಗೆ ಸುರಿಯಿರಿ. ಬಿಸಿ ಟ್ರೇಯಲ್ಲೇ ಬಿಟ್ಟರೆ ಅದು ಹುರಿಯುತ್ತಲೇ ಇರುತ್ತದೆ, ನೀವು ಫೋನಿನಲ್ಲಿ ಮಾತು ಮುಗಿಸುವಷ್ಟರಲ್ಲಿ ಕಹಿ.

ಹಿಟ್ಟು ಮತ್ತು ಜಿಡ್ಡಿನ ಬಗ್ಗೆ ಎರಡೇ ಮಾತು. ಮೈದಾದಲ್ಲಿ ಅರ್ಧದಷ್ಟನ್ನು ಗೋಧಿ ಹಿಟ್ಟು ಅಥವಾ ಪುಡಿ ಮಾಡಿದ ಓಟ್ಸ್ ಮಾಡಿಕೊಳ್ಳಬಹುದು, ನಾರು ಹೆಚ್ಚುತ್ತದೆ. ಇವು ನೀರು ಜಾಸ್ತಿ ಕುಡಿಯುತ್ತವೆ, ಹಿಟ್ಟು ಕಲಸಿ ಇಪ್ಪತ್ತು ನಿಮಿಷ ಬಿಡಿ, ಗಟ್ಟಿ ಅನ್ನಿಸಿದರೆ ಒಂದೆರಡು ಚಮಚ ಹಾಲು. ಮಫಿನ್ನಿನಂಥದ್ದಕ್ಕೆ ಬೇಕಿಂಗ್ ಪೌಡರ್ ಹಾಕಿದ್ದರೆ ತೀರಾ ಹೊತ್ತು ಕಾಯಿಸಬೇಡಿ. ಜಿಡ್ಡಿನಲ್ಲಿ ತೆಂಗಿನೆಣ್ಣೆಗೆ ಈಗ ಭಾರಿ ಒಳ್ಳೆ ಹೆಸರು ಬಂದಿದೆ, ಆದರೆ ಅದರಲ್ಲಿ ಶೇಕಡ 80ಕ್ಕಿಂತ ಜಾಸ್ತಿ ಹೃದಯಕ್ಕೆ ಅಷ್ಟು ಒಳ್ಳೆಯದಲ್ಲದ ಸ್ಯಾಚುರೇಟೆಡ್ ಕೊಬ್ಬು, ಬೆಣ್ಣೆಯಲ್ಲಿ ಅದು ತೂಕದ ಅರ್ಧದಷ್ಟು. ರುಚಿಗೆ ಹಾಕಿ, ಆರೋಗ್ಯಕ್ಕೆ ಅಂತ ಹಾಕಬೇಡಿ. ನಿಜವಾಗಿ ದೂರ ಇಡಬೇಕಾದ್ದು ಭಾಗಶಃ ಹೈಡ್ರೋಜನೀಕರಿಸಿದ ಎಣ್ಣೆ, ಅಂದರೆ ಹೈಡ್ರೋಜನ್ ಸೇರಿಸಿ ಅರೆಗಟ್ಟಿ ಮಾಡಿದ್ದು. ಹೃದಯಕ್ಕೆ ಕೆಡುಕಾದ ಟ್ರಾನ್ಸ್ ಫ್ಯಾಟ್ ಬರುವುದು ಹೆಚ್ಚಾಗಿ ಅಲ್ಲಿಂದ. ಕಾರ್ಖಾನೆಗಳಲ್ಲಿ ತಯಾರಾಗುವ ಟ್ರಾನ್ಸ್ ಫ್ಯಾಟನ್ನು ಆಹಾರದಿಂದಲೇ ತೆಗೆದುಹಾಕಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಎಲ್ಲ ದೇಶಗಳಿಗೂ ಕರೆ ಕೊಟ್ಟಿದೆ. ಪ್ಯಾಕೆಟ್ಟಿನ ಹಿಂದೆ ಓದಿ.

ಮೂರು ತಿಂಡಿ

ಮಾತಾಡಿದ್ದು ಸಾಕು, ಮಾಡೋಣ.

ಮೊದಲು ಖರ್ಜೂರ ಕೋಕೋ ಉಂಡೆ. 200 ಗ್ರಾಂ ಬೀಜ ತೆಗೆದ ಖರ್ಜೂರ, 150 ಗ್ರಾಂ ಹುರಿದ ಬಾದಾಮಿ ಅಥವಾ ಅಕ್ರೋಟು, 25 ಗ್ರಾಂ ಸಕ್ಕರೆ ಸೇರಿಸದ ಕೋಕೋ ಪುಡಿ, ಕಾಲು ಚಮಚ ಉಪ್ಪು, ಒಂದು ಕಿತ್ತಳೆಯ ಸಿಪ್ಪೆಯ ತುರಿ, ಒಂದು ಚಮಚ ಗಟ್ಟಿ ಕಾಫಿ ಡಿಕಾಕ್ಷನ್. ಖರ್ಜೂರ ಒಣಗಿದ್ದರೆ ಬಿಸಿ ನೀರಲ್ಲಿ ಹತ್ತು ನಿಮಿಷ ನೆನೆಸಿ, ಆಮೇಲೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ನೀರು ಉಳಿದರೆ ಉಂಡೆ ಕಟ್ಟಲು ಬರುವುದಿಲ್ಲ. ಬಾದಾಮಿಯನ್ನು ಮೊದಲು ತರಿತರಿಯಾಗಿ ಪುಡಿ ಮಾಡಿ, ಮೂರನೇ ಒಂದು ಭಾಗ ತೆಗೆದು ಪಕ್ಕಕ್ಕಿಡಿ. ಉಳಿದದ್ದರ ಜೊತೆ ಮಿಕ್ಕ ಎಲ್ಲವನ್ನೂ ಹಾಕಿ, ಒಂದೇ ಸಮ ಓಡಿಸದೆ ಬಿಟ್ಟು ಬಿಟ್ಟು ತಿರುಗಿಸಿ, ಇಲ್ಲದಿದ್ದರೆ ಮಿಕ್ಸಿ ಬಿಸಿಯಾಗಿ ಬಾದಾಮಿ ಎಣ್ಣೆ ಬಿಡುತ್ತದೆ. ಬ್ಲೇಡಿನ ಸುತ್ತ ಮುದ್ದೆ ಕಟ್ಟಿದಾಗ ನಿಲ್ಲಿಸಿ, ಪಕ್ಕಕ್ಕಿಟ್ಟ ತರಿಯನ್ನು ಕೈಯಲ್ಲೇ ಕಲಸಿ. ಕೈ ಸ್ವಲ್ಪ ಒದ್ದೆ ಮಾಡಿಕೊಂಡು ಸಣ್ಣ ಸಣ್ಣ 30 ಉಂಡೆ ಕಟ್ಟಿ, ಕೋಕೋ ಪುಡಿಯಲ್ಲಿ ಹೊರಳಿಸಿ. ಬಾಯಿಗಿಟ್ಟ ಕೂಡಲೇ ಮೊದಲು ಕೋಕೋದ ಕಹಿ, ಆಮೇಲೆ ಸಿಹಿ, ಕೊನೆಗೆ ಕಟುಕುಟು ಅಂತ ಬಾದಾಮಿ. ಆ ಕ್ರಮಕ್ಕೋಸ್ಕರವೇ ಮೇಲೆ ಸಕ್ಕರೆ ಹಾಕುವುದಿಲ್ಲ.

ಲೆಕ್ಕ ನೋಡಿ. ಒಟ್ಟು ಸಕ್ಕರೆ ಸುಮಾರು 130 ಗ್ರಾಂ, ಉಂಡೆಗೆ 4 ಗ್ರಾಂ ಚಿಲ್ಲರೆ, 50 ಕ್ಯಾಲೊರಿ ಆಸುಪಾಸು. ಅದೇ ಹದವನ್ನು ನಿಂಬೆ ಗಾತ್ರದಲ್ಲಿ ಕಟ್ಟಿದರೆ ಒಂದಕ್ಕೆ ಮೂರರಷ್ಟು. ಹದ ಅದೇ, ಆರೋಗ್ಯ ಕೈಯ ಅಳತೆಯಲ್ಲಿದೆ. ಒಟ್ಟಿಗೆ ಹೇಳಿಬಿಡುತ್ತೇನೆ: ಬಡಿಸುವ ಪ್ರಮಾಣ ದೊಡ್ಡದಾದರೆ, ತಟ್ಟೆ ದೊಡ್ಡದಾದರೆ ಜನ ಜಾಸ್ತಿ ತಿನ್ನುತ್ತಾರೆ ಅನ್ನುವುದು ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗುವ ಕೊಕ್ರೇನ್ ಸಂಸ್ಥೆಯ 2015ರ ವಿಮರ್ಶೆಯಲ್ಲಿ ಹತ್ತಾರು ಪ್ರಯೋಗಗಳನ್ನು ಒಟ್ಟಿಗೆ ನೋಡಿ ಹೇಳಿದ ಮಾತು. ದೊಡ್ಡ ಚೌಕದ ಬದಲು ಚಿಕ್ಕ ಚೌಕ ಕತ್ತರಿಸಿ. ಇನ್ನೊಂದು ಬೇಕಾದವರು ತೆಗೆದುಕೊಳ್ಳಲಿ, ಯಾರು ಬೇಡ ಅಂದರು?

ಎರಡನೆಯದು ಚಾಕೊಲೇಟ್ ಹಾಳೆ. ಶೇಕಡ 70ರ ಡಾರ್ಕ್ ಚಾಕೊಲೇಟ್ 200 ಗ್ರಾಂ. ಆ 70 ಅಂದರೆ ಕೋಕೋದಿಂದ ಬಂದ ಭಾಗ, ಅದರ ಬೆಣ್ಣೆಯೂ ಸೇರಿ. ಉಳಿದ 30ರಲ್ಲಿ ಬಹುಪಾಲು ಸಕ್ಕರೆ. ಹಾಲಿನ ಚಾಕೊಲೇಟಿನಲ್ಲಿ ಸಕ್ಕರೆ ಅರ್ಧದಷ್ಟಿರುತ್ತದೆ. ಆದರೆ ಡಾರ್ಕ್ ಅಂದ ಮಾತ್ರಕ್ಕೆ ಕ್ಯಾಲೊರಿ ಕಡಿಮೆ ಅಲ್ಲ, ಸಕ್ಕರೆ ಇಳಿದ ಜಾಗಕ್ಕೆ ಕೊಬ್ಬು ಬಂದು ಕೂತಿರುತ್ತದೆ. ಅದರ ಗುಣ ಬೇರೆ: ಒಂದು ಚೂರಿಗೇ ಬಾಯಿ ತುಂಬಿದ ಹಾಗಾಗುತ್ತದೆ.

ಕರಗಿಸುವಾಗ ಒಂದು ಹನಿ ನೀರೂ ಬೀಳಬಾರದು, ಬಿದ್ದರೆ ಚಾಕೊಲೇಟ್ ಗಂಟುಗಂಟಾಗಿ ಮರಳಿನ ಹಾಗೆ ಆಗುತ್ತದೆ. ಬಿಸಿ ನೀರಿನ ಪಾತ್ರೆಯ ಮೇಲೆ ಒಣಗಿದ ಬೋಗುಣಿ ಇಟ್ಟು, ಮೂರರಲ್ಲಿ ಎರಡು ಭಾಗ ಮಾತ್ರ ಕರಗಿಸಿ. ಕೆಳಗಿಳಿಸಿ ಬೋಗುಣಿಯ ತಳ ಒರೆಸಿ, ಉಳಿದ ಭಾಗವನ್ನು ಸಣ್ಣಗೆ ಹೆಚ್ಚಿ ಸ್ವಲ್ಪ ಸ್ವಲ್ಪವೇ ಹಾಕುತ್ತಾ ತಿರುವಿ. ಥರ್ಮಾಮೀಟರ್ ಇದ್ದರೆ 31, 32 ಡಿಗ್ರಿಗೆ ಬರಲಿ. ಇಲ್ಲದಿದ್ದರೆ ಕೆಳತುಟಿಗೆ ಒಂದು ಚೂರು ತಾಗಿಸಿ, ಬಿಸಿ ಅನ್ನಿಸದೆ ಕೊಂಚ ತಣ್ಣಗೆ ಅನ್ನಿಸಬೇಕು. ಹೀಗೆ ಮಾಡಿದರೆ ಆರಿದ ಮೇಲೆ ಹೊಳಪು ಬರುತ್ತದೆ, ಮುರಿದರೆ ಟಪ್ ಅನ್ನುತ್ತದೆ. ಅವಸರಪಟ್ಟರೆ ಎರಡು ದಿನದಲ್ಲಿ ಮೇಲೆ ಬೂದು ಪಟ್ಟೆ. ತಿನ್ನಲು ತೊಂದರೆ ಇಲ್ಲ, ನೋಡಲು ಚೆನ್ನಾಗಿರುವುದಿಲ್ಲ. ಬೇಕಿಂಗ್ ಕಾಗದದ ಮೇಲೆ 3 ಮಿಲಿಮೀಟರ್ ದಪ್ಪಕ್ಕೆ ಹರಡಿ, 100 ಗ್ರಾಂ ಹುರಿದ ಬಾದಾಮಿ, ಕುಂಬಳಬೀಜ, ಸ್ವಲ್ಪ ಹುಳಿ ಇರುವ ಒಣಹಣ್ಣು, ಉಪ್ಪಿನ ಹರಳು ಉದುರಿಸಿ. ಹತ್ತು ಗ್ರಾಂ ತುಂಡಿಗೆ ಸಕ್ಕರೆ ಎರಡೇ ಗ್ರಾಂ ಆಸುಪಾಸು. ಎಲ್ಲಕ್ಕಿಂತ ಮೊದಲು ಖಾಲಿಯಾಗುವ ತಟ್ಟೆ ಇದು.

ಮೂರನೆಯದು ಹುರಿದ ಹಣ್ಣು, ಇದಕ್ಕೆ ಅಳತೆಯೇ ಬೇಡ. ಸೇಬು, ಪಿಯರ್, ಪ್ಲಮ್ ಯಾವುದಾದರೂ ದಪ್ಪ ಹೋಳು ಮಾಡಿ, ಚಕ್ಕೆ ಪುಡಿ, ನಿಂಬೆ ರಸ ಹಚ್ಚಿ, 200 ಡಿಗ್ರಿ ಓವನ್‌ನಲ್ಲಿ ಅರ್ಧ ಗಂಟೆ. ಹೋಳುಗಳು ಒಂದರ ಮೇಲೊಂದು ಬೀಳದಿರಲಿ, ಬಿದ್ದರೆ ಹುರಿಯುವುದಿಲ್ಲ, ಬೇಯುತ್ತವೆ. ನೀರು ಆರಿ, ಹಣ್ಣಿನ ಸ್ವಂತ ಸಿಹಿಯೇ ಗಟ್ಟಿಯಾಗಿ ಅಂಚಿನಲ್ಲಿ ಅಂಟಂಟಾಗುತ್ತದೆ. ಬೆಚ್ಚಗಿರುವಾಗ ಗಟ್ಟಿ ಮೊಸರಿನ ಮೇಲಿಟ್ಟು, ಬೇಕಿದ್ದರೆ ಮೇಲೊಂದು ಎಳೆ ಜೇನು. ಒಂದು ವರ್ಷ ತುಂಬದ ಮಕ್ಕಳಿಗೆ ಜೇನು ಕೊಡಬಾರದು, ಬೇರೆ ಅಡುಗೆಯಲ್ಲಿ ಸೇರಿಸಿಯೂ ಬೇಡ. ಬಾಟ್ಯುಲಿಸಮ್ ಅನ್ನುವ ಕಾಯಿಲೆ ತರುವ ಬೀಜಾಣು ಜೇನಿನಲ್ಲಿ ಇರಬಹುದು, ಸಾಧಾರಣ ಬೇಯಿಸುವಿಕೆಗೆ ಅದು ಸಾಯುವುದಿಲ್ಲ.

ಕೇಳಿದ್ದಕ್ಕೆ ಹೇಳಿದ್ದು

"ಸ್ಟೀವಿಯಾ, ಸುಕ್ರಲೋಸ್ ಹಾಕಿದರೆ ಆಗಲ್ವಾ?" ಸಿಹಿ ಆಗುತ್ತದೆ. ಸುಕ್ರಲೋಸ್ ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ, ಚಿಟಿಕೆ ಸಾಕು. ಆದರೆ ಆ ಚಿಟಿಕೆ ಬೆಣ್ಣೆಯಲ್ಲಿ ಗಾಳಿ ಸಿಕ್ಕಿಸುತ್ತದಾ, ನೀರು ಹಿಡಿದಿಡುತ್ತದಾ, ಬಣ್ಣ ಕೊಡುತ್ತದಾ? ಇಲ್ಲ. ಕೇಕಿನಲ್ಲಿ ಕೈಕೊಡುವುದು ಇಲ್ಲೇ. ಅಸ್ಪರ್ಟೇಮ್ ಆದರೆ ಹೆಚ್ಚು ಹೊತ್ತಿನ ಬಿಸಿಗೆ ಒಡೆದು ಸಿಹಿಯೂ ಹೋಗುತ್ತದೆ. ಎರಿಥ್ರಿಟಾಲ್ ನಾಲಿಗೆಗೆ ಪುದೀನದ ಹಾಗೆ ತಣ್ಣಗೆ ಅನ್ನಿಸುತ್ತದೆ. ಕ್ಸೈಲಿಟಾಲ್ ನಾಯಿಗಳಿಗೆ ವಿಷ, ಮನೆಯಲ್ಲಿ ನಾಯಿ ಇದ್ದರೆ ಬೇಡವೇ ಬೇಡ. ತೂಕ ಇಳಿಸಲು ಅಂತ ಸ್ಟೀವಿಯಾ, ಸುಕ್ರಲೋಸ್, ಅಸ್ಪರ್ಟೇಮ್‌ನಂಥ ಸಿಹಿಕಾರಕಗಳನ್ನು ನೆಚ್ಚಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಆ ಸಲಹೆ ಈಗಾಗಲೇ ಮಧುಮೇಹ ಇರುವವರಿಗೆ ಅನ್ವಯಿಸುವುದಿಲ್ಲ, ಅವರು ತಮ್ಮ ವೈದ್ಯರ ಮಾತು ಕೇಳಲಿ. ಅವರಿಗೆ ಬಡಿಸುವವರು ಒಂದು ನೆನಪಿಡಿ: ಸಕ್ಕರೆ ಇಲ್ಲ ಅಂದರೂ ಮೈದಾ ಇದ್ದೇ ಇರುತ್ತದೆ, ಅದೂ ರಕ್ತದಲ್ಲಿ ಸಕ್ಕರೆಯನ್ನೇ ಏರಿಸುತ್ತದೆ.

"ಸಿಹಿ ತಿಂದರೆ ಮಕ್ಕಳು ಹುಚ್ಚೆದ್ದು ಕುಣಿಯುತ್ತವೆ, ಅದಕ್ಕಾದರೂ ಕಡಿಮೆ ಮಾಡಬೇಕಲ್ವಾ?" ಈ ಮಾತಿಗೆ ಎಲ್ಲರೂ ತಲೆಯಾಡಿಸಿದ್ದನ್ನು ನೋಡಿದೆ. ಮಕ್ಕಳಿಗೂ ತಂದೆ ತಾಯಿಗೂ ಗೊತ್ತಾಗದಂತೆ ಸಕ್ಕರೆ ಅಥವಾ ಬೇರೆ ಸಿಹಿ ಕೊಟ್ಟು ಮಾಡಿದ ಪ್ರಯೋಗಗಳನ್ನೆಲ್ಲ ಸೇರಿಸಿ 1995ರಲ್ಲಿ ಒಂದು ವಿಶ್ಲೇಷಣೆ ಬಂತು. ಸಕ್ಕರೆಯಿಂದ ವರ್ತನೆ ಬದಲಾಗುವುದು ಅದರಲ್ಲಿ ಕಾಣಲಿಲ್ಲ. ಅದಕ್ಕೂ ಒಂದು ವರ್ಷ ಮೊದಲಿನ ಪ್ರಯೋಗ ಇನ್ನೂ ಮಜವಾಗಿದೆ: "ನಿಮ್ಮ ಮಗುವಿಗೆ ಸಕ್ಕರೆ ಕೊಟ್ಟಿದ್ದೇವೆ" ಅಂತ ಹೇಳಿಸಿಕೊಂಡ ತಾಯಂದಿರಿಗೆ ತಮ್ಮ ಮಗು ಜಾಸ್ತಿ ಕುಣಿಯುತ್ತಿದೆ ಅನ್ನಿಸಿತು, ನಿಜವಾಗಿ ಕೊಟ್ಟಿದ್ದರಲ್ಲಿ ಸಕ್ಕರೆಯೇ ಇರಲಿಲ್ಲ. ಪಾರ್ಟಿ ಅಂದಮೇಲೆ ಮಕ್ಕಳು ಕುಣಿಯುತ್ತವೆ ಕಣ್ರೀ. ಹಲ್ಲಿನ ಹುಳುಕಿನ ಕಾರಣಕ್ಕೆ ಸಕ್ಕರೆ ಕಡಿಮೆ ಮಾಡಿ, ಅದಕ್ಕೆ ಗಟ್ಟಿ ಆಧಾರ ಇದೆ.

"ಬಂದವರಿಗೆ ಇದು ಆರೋಗ್ಯದ್ದು ಅಂತ ಹೇಳಬೇಕಾ?" ಬೇಡ. ಹಾಗೆ ಹೇಳಿದ ಕೂಡಲೇ ರುಚಿ ಇರಲಾರದು ಅಂತ ಅರ್ಧ ಜನ ತೀರ್ಮಾನ ಮಾಡಿರುತ್ತಾರೆ. ಆದರೆ ಒಳಗೆ ಏನೇನಿದೆ ಅಂತ ಒಂದು ಚೀಟಿ ಬರೆದು ತಟ್ಟೆಯ ಮುಂದೆ ಇಡಿ. ಸಕ್ಕರೆ ತೆಗೆದ ಕಡೆಯೆಲ್ಲ ನಾವು ಬಾದಾಮಿ, ಅಕ್ರೋಟು ತುಂಬಿದ್ದೇವೆ, ನೆನಪಿದೆ ಅಲ್ವಾ? ಅದರ ಅಲರ್ಜಿ ಇರುವವರಿಗೆ ಅದು ಜೀವಕ್ಕೇ ಕುತ್ತು. ಕಡಲೆಕಾಯಿ, ಎಳ್ಳು, ಹಾಲು, ಮೊಟ್ಟೆ, ಗೋಧಿ, ಸೋಯಾ ಇದ್ದರೂ ಬರೆಯಿರಿ. ಒಂದೇ ಮಿಕ್ಸಿ ಜಾರು, ಒಂದೇ ಚಮಚ ಎಲ್ಲದಕ್ಕೂ ಬಳಸಿದ್ದರೆ ಅದನ್ನೂ ಬರೆಯಿರಿ. ಹಾಗೇ ಬೇಯಿಸದ ಕುಕಿ ಹಿಟ್ಟನ್ನು ಉಂಡೆ ಮಾಡಿ ಕೊಡುವುದು ಈಗ ಚಾಲ್ತಿಯಲ್ಲಿದೆ, ಅದು ಬೇಡ. ಹಸಿ ಮೊಟ್ಟೆಯಲ್ಲಿ ಅಷ್ಟೇ ಅಲ್ಲ, ಹಸಿ ಮೈದಾದಲ್ಲೂ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು.

"ಎಷ್ಟು ದಿನ ಮೊದಲೇ ಮಾಡಿಡಬಹುದು?" ಖರ್ಜೂರದ ಉಂಡೆ ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ಒಂದು ವಾರ ಆರಾಮಾಗಿ ಇರುತ್ತದೆ, ಬಡಿಸುವ ಅರ್ಧ ಗಂಟೆ ಮೊದಲು ಹೊರಗೆ ತೆಗೆಯಿರಿ. ಚಾಕೊಲೇಟ್ ಹಾಳೆಗೆ ಫ್ರಿಜ್ಜು ಬೇಡ, ಹೊರಗೆ ತಂದಾಗ ಮೇಲೆ ನೀರು ಕೂತು ಸಕ್ಕರೆ ಕರಗಿ ಬಿಳಿ ಕಲೆ ಬೀಳುತ್ತದೆ. ತಂಪಾದ, ಒಣಗಿದ ಜಾಗದಲ್ಲಿ ಡಬ್ಬಿ ಮುಚ್ಚಿಡಿ. ಹುರಿದ ಹಣ್ಣು ಅವತ್ತಿನದು ಅವತ್ತಿಗೆ. ಸಕ್ಕರೆ ಕಡಿಮೆ ಮಾಡಿದ ಕೇಕು ಬೇಗ ಒಣಗುತ್ತದೆ, ಹಾಗಾಗಿ ಹಿಂದಿನ ರಾತ್ರಿ ಮಾಡಿ, ಪೂರ್ತಿ ಆರಿದ ಮೇಲೆ ಬಿಗಿಯಾಗಿ ಸುತ್ತಿಡಿ. ಇನ್ನೂ ಮೊದಲೇ ಬೇಕಿದ್ದರೆ ಚೌಕ ಕತ್ತರಿಸಿ ಫ್ರೀಜರಿಗೆ ಹಾಕಿ, ಪಾರ್ಟಿಯ ದಿನ ಸುತ್ತಿದ್ದನ್ನು ಬಿಚ್ಚದೆ ಹೊರಗೆ ಕರಗಲು ಬಿಟ್ಟು, ಆಮೇಲೆ ಐದು ನಿಮಿಷ ಬೆಚ್ಚಗಿನ ಓವನ್‌ನಲ್ಲಿಟ್ಟು ಬಡಿಸಿ.